ಹೊಗೆ ಹೋಗುವ ದಾರಿ

ನವೆಂಬರ್ ೧೮, ೨೦೨೪, ಸೋಮವಾರ

ನಾನು ಸುಂದರಬಾಯಿ. ಖಜೂರಿಯ ಶಾಂತಲಿಂಗಪ್ಪ ಬಿರಾದಾರರ ಹೆಂಡತಿ. ಅವರು ಲಿಂಗೈಕ್ಯರಾಗಿ ಬಹಳ ವರ್ಷವಾದರೂ ಊರು ನನ್ನನ್ನು ಹಾಗೆಯೇ ಕರೆಯುತ್ತದೆ, ಕರೆಯಬೇಕು ಕೂಡ. ಆಳಂದದ ಹೈಸ್ಕೂಲಿನಲ್ಲಿ ಹತ್ತನೇ ತರಗತಿ ಪಾಸಾಗಿ ಈ ಮನೆಗೆ ಬಂದಾಗ ಓಣಿಯಲ್ಲಿ ಓದು ಬರುವ ಸೊಸೆ ನಾನೊಬ್ಬಳೇ. ಹೊಲ, ದನ, ಆಳು, ಮದುವೆ ಎಲ್ಲ ನನ್ನ ಮಾತಿನಂತೆ ನಡೆದಿವೆ. ಓಣಿಯಲ್ಲಿ ಕೂಸು ಹುಟ್ಟಿದರೆ ಕಾಲ ಮೇಲೆ ಮಲಗಿಸಿಕೊಂಡು ಮೊದಲ ನೀರು ಎರೆಯುವವಳು ನಾನು. ಎರೆದ ಮೇಲೆ ಕೆಂಡದಲ್ಲಿ ಲೋಬಾನ, ಅಜವಾನ, ಬೆಳ್ಳುಳ್ಳಿ ಸಿಪ್ಪೆ ಹಾಕಿ ಹೊಗೆ ಕೊಡುವವಳೂ ನಾನೇ. ಈ ಓಣಿಯಲ್ಲಿ ಇವತ್ತು ಮೀಸೆ ತಿರುವುವವರೆಲ್ಲ ನನ್ನ ಕೈಯ ಹೊಗೆಯಲ್ಲಿ ಸೀನಿದವರು.

ಬರೆಯಲು ಕಾರಣವಿದೆ. ನನಗೆ ಗೊತ್ತಿಲ್ಲದ್ದೊಂದು ನಮ್ಮ ಮನೆಯೊಳಗೆ ಬಂದಿದೆ. ಗೊತ್ತಿಲ್ಲ ಎಂದು ನಾನು ಬಾಯಿಬಿಟ್ಟು ಯಾರಿಗೆ ಹೇಳಲಿ?

ಮೊಮ್ಮಗಳು ಗಂಗಾಂಬಿಕಾ ಒಂದನೇ ತರಗತಿಯಲ್ಲಿದ್ದಾಳೆ. ನಮ್ಮ ಅತ್ತೆಯ ಹೆಸರು ಅದು, ಇಟ್ಟವಳು ನಾನೇ. ದೀಪಾವಳಿಯಿಂದ ಅವಳ ಎದೆಯೊಳಗೆ ಯಾರೋ ಪೀಪಿ ಊದಿದ ಹಾಗೆ ಸಪ್ಪಳ. ಓಡಿದರೆ ನಿಂತುಬಿಡುತ್ತಾಳೆ, ಮಂಡಿ ಹಿಡಿದುಕೊಂಡು ಬಗ್ಗುತ್ತಾಳೆ. ಇಂದು ಸಂಜೆಯ ಧೂಪಕ್ಕೆ ಲೋಬಾನ ಹೆಚ್ಚು ಹಾಕಿ ಅವಳನ್ನು ಕೆಂಡದ ಬಟ್ಟಲಿನ ಹತ್ತಿರ ಕೂರಿಸಿಕೊಂಡೆ. ಕೆಮ್ಮಿ ಕೆಮ್ಮಿ ಕಫ ಬಂತು. ಕೆಟ್ಟದ್ದು ಹೊರಬಿತ್ತು.

ಸೊಸೆ ವಿಜಯಶ್ರೀ ಬಾಗಿಲಲ್ಲಿ ನಿಂತು ನೋಡಿದಳು. ಆರು ತಿಂಗಳ ಬಸುರಿ, ಮಾತು ಕಡಿಮೆ ಮಾಡಿದ್ದಾಳೆ.

ನವೆಂಬರ್ ೨೧

ಮಗ ಅಮರನಾಥ ಹಟ ಹಿಡಿದು ಎಲ್ಲರನ್ನೂ ಆಳಂದಕ್ಕೆ ಕರೆದುಕೊಂಡು ಹೋದ. ಮಕ್ಕಳ ಡಾಕ್ಟರ್ ನಿಶಾತ ಎಂಬ ಹೆಣ್ಣುಮಗಳು, ವಯಸ್ಸು ಚಿಕ್ಕದು. ಗಂಗಾಳ ಬೆನ್ನಿಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿ, "ಅಸ್ತಮಾ ಶುರು ಆಗ್ಯಾದ್ರಿ" ಅಂದಳು.

"ನಮ್ಮ ವಂಶದಾಗ ಯಾರಿಗೂ ಇಲ್ಲ."

"ನೀವು ಒಳಗ ಬಂದಾಗಿಂದ ಕೆಮ್ಮಾಕತ್ತೀರಲ್ರಿ ಅಮ್ಮಾರ."

"ನಂದು ಬ್ಯಾರೆ. ವಯಸ್ಸಿನ ಕೆಮ್ಮು."

ಬಾಯಿಗೆ ಇಟ್ಟು ಉಸಿರೆಳೆಯುವ ಪಂಪು ಬರೆದುಕೊಟ್ಟಳು. ಎಳೆಯ ಕೂಸಿಗೆ ಪಂಪು! ಚಟವಾಗುತ್ತದೆ ಎಂದೆ. ನನ್ನ ಮುಖ ನೋಡಿ ನಕ್ಕಳು. "ನೀವು ಚಷ್ಮಾ ಹಾಕ್ಕೊಂಡೀರಿ. ಚಟ ಆಗ್ಯಾದೇನ್ರಿ?" ಅಮರನಾಥ ಗೋಡೆಯ ಕಡೆ ತಿರುಗಿ ನಗು ನುಂಗಿದ. ಮನೆಗೆ ಬಂದ ಮೇಲೆ ಅವನಿಗೆ ಎರಡು ಮಾತು ಬಿದ್ದವು.

"ನಮ್ಮ ಕಾಲಕ್ಕ ಇದೆಲ್ಲ ಎಲ್ಲಿತ್ತು? ಹೊರಗ ನೋಡಿದ್ರ ಎಲ್ಲಾ ಕೂಸುಗಳ ಕೈಯಾಗೂ ಪಂಪು" ಎಂದು ಅಲ್ಲೇ ಆ ಡಾಕ್ಟರನ್ನು ಕೇಳಿಯೇ ಬಿಟ್ಟೆ.

"ಇತ್ರಿ. ದಮ್ಮು ಅಂತಿದ್ರು. ಆದ್ರ ಈಗ ಹೆಚ್ಚಾಗ್ಯಾದ, ಅದೂ ಖರೆ. ಯಾಕಂತ ಒಂದೇ ಮಾತಿನ್ಯಾಗ ಹೇಳೋರು ಯಾರೂ ಇಲ್ಲ. ಧೂಳು, ಹೊಗಿ, ಗಾಳಿ ಆಡದ ಮನಿ. ಕೆಲವು ಕೂಸುಗಳು ಹುಟ್ಟಿನಿಂದಾನೇ ನಾಜೂಕು. ನಿಮ್ಮ ಮನ್ಯಾಗ ಈಚೀಚೆಗೆ ಏನು ಬದಲಾಗ್ಯಾದ, ನೀವೇ ಹುಡುಕ್ರಿ. ಹೊಗಿ ಅದೇನ್ರಿ ಮನ್ಯಾಗ?"

"ಗ್ಯಾಸ್ ಒಲಿ. ಬೀಡಿ ಸೇದೋರು ಒಬ್ಬರೂ ಇಲ್ಲ."

ಏನು ಬದಲಾಗಿದೆ. ಹುಡುಕುತ್ತೇನೆ. ಈ ಮನೆಯನ್ನು ನನಗಿಂತ ಬಲ್ಲವರು ಯಾರು?

ನವೆಂಬರ್ ೨೬

ಬದಲಾದದ್ದೆಲ್ಲ ಸೊಸೆ ತಂದದ್ದೇ. ಕೂದಲು ಕೂದಲಿನ ಗೊಂಬೆಗಳು, ಸೀಸೆಯ ಸೆಂಟು. ಗೊಂಬೆಗಳನ್ನು ಗಂಟು ಕಟ್ಟಿ ಅಟ್ಟಕ್ಕೆ ಹಾಕಿಸಿದೆ, ಸೆಂಟು ಅಮರನಾಥನ ಕಾರಿಗೆ ಹೋಯಿತು. ವಿಜಯಶ್ರೀ, "ತಗೀರಿ ಅತ್ತಿ, ಏನೇನು ಅನಸ್ತದ ಎಲ್ಲಾ ತಗೀರಿ" ಅಂದಳು. ಆ 'ಎಲ್ಲಾ' ಎಂಬ ಮಾತಿನಲ್ಲಿ ಸ್ವಲ್ಪ ಚೂಪು ಇತ್ತು.

ಮನೆಯ ಬೆಕ್ಕನ್ನು ಪಕ್ಕದ ಹಮೀದಾಬೇಗಂಗೆ ಕೊಟ್ಟೆ. ನಾವಿಬ್ಬರೂ ಒಂದೇ ವರ್ಷ ಸೊಸೆಯರಾಗಿ ಬಂದವರು. ನಡುವೆ ಒಂದು ಮಣ್ಣಿನ ಗೋಡೆ, ಅದರ ಮೇಲಿಂದಲೇ ನಮ್ಮ ಸಂಸಾರ ಸಾಗಿದೆ. ಕಲಬುರಗಿಯಿಂದ ನನಗೆ ಒಳ್ಳೆಯ ಲೋಬಾನ ತರಿಸಿ ಕೊಡುವವಳೂ ಅವಳೇ.

ಡಿಸೆಂಬರ್ ೧, ಭಾನುವಾರ

ರಸ್ತೆ ಬದಿಯ ಕಾಂಗ್ರೆಸ್ ಕಸ ಕೀಳಿಸಿದೆ. ಅದರ ಹೂವಿನ ಪುಡಿ ಮೈಗೆ ಆಗುವುದಿಲ್ಲ ಎಂದು ರೇಡಿಯೋದಲ್ಲಿ ಕೇಳಿದ್ದೆ. ಆಮೇಲೆ ಲಾರಿಗಳು. ಉಮರ್ಗಾ ಕಡೆ ಹೋಗುವ ಲಾರಿಯವರು ನಮ್ಮ ಬಾಗಿಲ ಮುಂದೆಯೇ ಎಂಜಿನ್ ಚಾಲೂ ಇಟ್ಟು ಚಹಾ ಕುಡಿಯುತ್ತಾರೆ. ಒಂದು ಲಾರಿಯ ಮುಂದೆ ಕುರ್ಚಿ ಹಾಕಿಸಿ ಕುಳಿತೆ. ಡ್ರೈವರ್ ಹಾರ್ನ್ ಹೊಡೆದ. ನಾನು ಕದಲಲಿಲ್ಲ. ಕೊನೆಗೆ ಇಳಿದು ಬಂದು "ಆಜಿ, ಚುಕಲಂ" ಎಂದು ಮರಾಠಿಯಲ್ಲಿ ತಪ್ಪೊಪ್ಪಿ ಕೈಮುಗಿದ. ಈಗ ಲಾರಿಗಳು ಬಸ್ ನಿಲ್ದಾಣದ ಆಚೆ ನಿಲ್ಲುತ್ತವೆ. ತೊಗರಿ ರಾಶಿಯನ್ನೂ ಈ ಸಲ ಅಂಗಳದಲ್ಲಿ ಬೇಡ, ಹೊಲದಲ್ಲೇ ಮಷೀನು ಹಚ್ಚು ಎಂದು ಅಮರನಾಥನಿಗೆ ಹೇಳಿದ್ದೇನೆ.

ಹಮೀದಾ ಗೋಡೆಯ ಮೇಲಿಂದ ಕೂಗಿದಳು: "ಏ ಸುಂದರಬಾಯಿ, ನಿನ್ನ ಬೆಕ್ಕು ನೇಮ ಮುರೀತು ನೋಡು. ಎರಡೇ ದಿನದಾಗ ಖೀಮಾ ರುಚಿ ಹತ್ಯಾದ ಅದಕ್ಕ."

"ಒಳ್ಳೆ ಸಹವಾಸ ಸಿಕ್ಕದ ಬಿಡು ಅದಕ್ಕ" ಎಂದೆ.

ಇಷ್ಟೆಲ್ಲ ಮಾಡಿದರೂ ಗಂಗಾಳ ಪೀಪಿ ನಿಂತಿಲ್ಲ. ಸಂಜೆಯ ಧೂಪ ಮಾತ್ರ ತಪ್ಪಿಸಿಲ್ಲ. ಪಂಪು ಬೆಳಿಗ್ಗೆ ಅವಳ ತಾಯಿ ಕೊಡುತ್ತಾಳೆ, ಸಂಜೆ ನಾನು ನನ್ನ ಔಷಧ ಕೊಡುತ್ತೇನೆ. ಮಾಳಿಗೆಗೆ ಮೆಣಸಿನಕಾಯಿ ನೋಡಲು ಹೋದೆ. ಮೆಟ್ಟಿಲ ನಡುವೆ ಉಸಿರು ಸಾಲದೆ ಕೂತುಬಿಟ್ಟೆ. ವಯಸ್ಸು.

ಡಿಸೆಂಬರ್ ೯

ವಿಜಯಶ್ರೀ ಗಂಗಾಳನ್ನು ಕರೆದುಕೊಂಡು ಅಫಜಲಪುರಕ್ಕೆ, ತವರಿಗೆ ಹೋದಳು.

ಹೊರಡುವಾಗ ಹೊಸ್ತಿಲಲ್ಲಿ ನಿಂತು ಹೇಳಿದಳು: "ಹೆರಿಗಿನೂ ಅಲ್ಲೇ ಮಾಡಿಕೊಳ್ತೇನಿ ಅತ್ತಿ. ಗಂಗಾನ್ನ ಸಾಲಿಗೂ ಅಲ್ಲೇ ಹಾಕ್ತೇನಿ. ಈ ಮನ್ಯಾಗ ಆಕಿಗೆ ಉಸುರು ಸಿಗವಲ್ದು."

ಈ ಮನೆಯಲ್ಲಿ!

ಡಿಸೆಂಬರ್ ೧೭

ಫೋನಿನಲ್ಲಿ ಗಂಗಾ. "ಆಯಿ, ನಾ ಇವತ್ತ ಓಡಿದೆ. ಮಾಮಾನ ಮನಿಯಿಂದ ಬಸ್ ಸ್ಟ್ಯಾಂಡ್ ತನಕ. ನಿಲ್ಲಲೇ ಇಲ್ಲ!"

ಓಣಿಯವರಿಗೆ ಭೀಮಾ ನದಿಯ ಗಾಳಿ ಎಂದು ಹೇಳಿದೆ. ಆದರೆ ನಾನು ಆ ಮನೆ ನೋಡಿದ್ದೇನೆ. ಅಲ್ಲಿಯೂ ಧೂಳಿದೆ, ಕಬ್ಬಿನ ಟ್ರ್ಯಾಕ್ಟರು ಹಗಲೆಲ್ಲ ಬಾಗಿಲ ಮುಂದೆ ಹೋಗುತ್ತವೆ. ಬೆಕ್ಕು ಒಂದಲ್ಲ, ಒಂದು ಹಿಂಡೇ ಇದೆ. ತಗಡಿನ ಮನೆ, ಗೋಡೆಗೂ ತಗಡಿಗೂ ನಡುವೆ ಗುಬ್ಬಿ ಹಾರಾಡುವಷ್ಟು ಸಂದು. ನಮ್ಮದು ಸ್ಲಾಬಿನ ಮನೆ, ಕನ್ನಡಿಯ ಹಾಗೆ ಒರೆಸಿದ ನೆಲ. ಆ ಮನೆಯಲ್ಲಿ ಇಲ್ಲದ್ದು ಈ ಮನೆಯಲ್ಲಿ ಏನಿದೆ?

ಡಿಸೆಂಬರ್ ೩೦, ಎಳ್ಳಮಾವಾಸ್ಯೆ

ಹಬ್ಬಕ್ಕೆ ಬಂದಿದ್ದರು. ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿದೆವು. ಸಜ್ಜೆ ರೊಟ್ಟಿ, ಭಜ್ಜಿ, ಎಲ್ಲರೂ ತೊಗರಿಯ ನೆರಳಿನಲ್ಲಿ ಕೂತು ಉಂಡೆವು. ಗಂಗಾ ಹಗಲೆಲ್ಲ ಸಾಲುಗಳ ನಡುವೆ ಓಡಿದಳು. ಮೈಯೆಲ್ಲ ಮಣ್ಣು, ಎದೆಯಲ್ಲಿ ಸಪ್ಪಳವಿಲ್ಲ. ವಾಸಿಯಾಯಿತು ಎಂದು ಮನಸ್ಸಿನಲ್ಲೇ ಲಿಂಗಕ್ಕೆ ಶರಣು ಮಾಡಿದೆ.

ಮನೆಗೆ ಬಂದು, ಹೊತ್ತು ಮುಳುಗುವಾಗ ಅಮಾವಾಸ್ಯೆಯ ಧೂಪ ಹಾಕಿದೆ. ವರ್ಷದ ದೊಡ್ಡ ಧೂಪ ಅದು. ಮೂಲೆ ಮೂಲೆಗೂ ತಾಗಲಿ ಎಂದು ಬಾಗಿಲು ಮುಚ್ಚಿದೆ.

"ಆಯಿ, ಬಾಗಲ ತಗಿ" ಅಂದಳು. ಆಟ ಎಂದುಕೊಂಡೆ. ಮತ್ತೆ "ಆಯಿ" ಅಂದಳು, ಆಮೇಲೆ ಮಾತು ಬರಲಿಲ್ಲ. ಕುತ್ತಿಗೆಯ ಗುಂಡಿ ಒಳಗೆ ಹೋಗುತ್ತಿತ್ತು, ತುಟಿ ಕಪ್ಪಾಗಿತ್ತು. ವಿಜಯಶ್ರೀ ಆ ಹೊಟ್ಟೆ ಹೊತ್ತುಕೊಂಡು ಓಡಿ ಬಂದು ಮಗುವನ್ನು ಅಂಗಳಕ್ಕೆ ಎಳೆದಳು, ಪಂಪು ಹಚ್ಚಿದಳು. ಕಾರಿನಲ್ಲಿ ಆಳಂದದವರೆಗೂ ಗಂಗಾ ನನ್ನ ಮಡಿಲಲ್ಲಿದ್ದಳು. ಅವಳ ಪಕ್ಕೆಲುಬು ನನ್ನ ಕೈಯೊಳಗೆ ಹಕ್ಕಿಯ ಹಾಗೆ ಬಡಿಯುತ್ತಿತ್ತು.

ಮುಂದೆ ಬರೆಯಲಾರೆ. ಬದುಕಿದಳು.

ಜನವರಿ ೧, ೨೦೨೫

ಇಂದು ಆಸ್ಪತ್ರೆಯಿಂದ ಬಿಟ್ಟರು. ಡಾಕ್ಟರ್ ನಿಶಾತ ಗಂಗಾಳ ಜಡೆ ಎತ್ತಿ ಮೂಸಿದಳು.

"ಲೋಬಾನ. ಇನ್ನೂ ಹೋಗಿಲ್ಲ ವಾಸನಿ. ಹೊಗಿ ಅದೇನ್ರಿ ಅಂತ ನಾ ಅವತ್ತೇ ಕೇಳಿದ್ದೆ."

"ಅದು ಹೊಗಿ ಅಲ್ಲ. ಧೂಪ."

"ನಮ್ಮ ಅಮ್ಮೀನೂ ಗುರುವಾರ ಗುರುವಾರ ಹಾಕ್ತಾಳ್ರಿ. ನನಗೂ ಆ ವಾಸನಿ ಅಂದ್ರ ಜೀವ. ಆದ್ರ ಹೊಗಿಗೆ ಹೆಸರಿಟ್ಟವರು ನಾವು ಅಮ್ಮಾರ. ಒಳಗಿನ ಎದಿಗೆ ಯಾವ ಹೆಸರೂ ಗೊತ್ತಿಲ್ಲ. ಬೀಡಿ, ಲಾರಿ, ಲೋಬಾನ, ಅದಕ್ಕ ಎಲ್ಲಾ ಒಂದೇ."

ನನಗೆ ಸಿಟ್ಟು ಬಂತು. ನಾಲ್ಕು ತಲೆಮಾರು ಈ ಕೈ ನೋಡಿದೆ. ಆ ಡಾಕ್ಟರ್ ಹುಡುಗಿ ಹುಟ್ಟಿದಾಗಲೂ ಯಾರೋ ನನ್ನಂಥವಳೇ ಹೊಗೆ ಕೊಟ್ಟಿರುತ್ತಾಳೆ.

ವಿಜಯಶ್ರೀ ಆಸ್ಪತ್ರೆಯಿಂದ ನೇರ ಅಫಜಲಪುರಕ್ಕೆ ಹೋದಳು. ಗಂಗಾಳ ಚಪ್ಪಲಿ ನಮ್ಮ ಅಂಗಳದಲ್ಲೇ ಉಳಿದಿವೆ. ಯಾರೂ ಎತ್ತಿಡಬೇಡಿ ಎಂದು ಹೇಳಿದ್ದೇನೆ.

ಜನವರಿ ೫

ಆ ಡಾಕ್ಟರ್ ಮಾತು ಸುಳ್ಳು ಮಾಡಲು ಇಂದು ನಾನೊಬ್ಬಳೇ ಕೂತು ಧೂಪ ಹಾಕಿದೆ. ಮಧ್ಯಾಹ್ನ ಇಳಿಬಿಸಿಲು ಬಾಗಿಲಿನಿಂದ ಕೋಲಿನ ಹಾಗೆ ಒಳಗೆ ಬಿದ್ದಿತ್ತು. ಆ ಬೆಳಕಿನಲ್ಲಿ ಹೊಗೆಯನ್ನು ನೋಡುತ್ತ ಕೂತೆ. ಇಷ್ಟು ವರ್ಷ ಹಾಕಿದ್ದೇನೆ, ಒಮ್ಮೆಯೂ ಕೂತು ನೋಡಿರಲಿಲ್ಲ.

ಮೇಲೆ ಹೋಯಿತು. ಸ್ಲಾಬಿಗೆ ತಾಗಿತು. ಚಪ್ಪಟೆಯಾಗಿ ಹರಡಿ, ಗೋಡೆ ಹಿಡಿದು ಕೆಳಗೆ ಇಳಿಯಿತು. ಗಂಗಾ ಮಲಗುವ ಹಾಸಿಗೆಯ ಮೇಲೆ ನಿಂತಿತು. ನಾನು ಎದ್ದು ರೊಟ್ಟಿ ಬಡಿದು, ಉಂಡು, ಪಾತ್ರೆ ತೊಳೆದು ಬಂದೆ. ಹೊಗೆ ಅಲ್ಲೇ ಇತ್ತು.

ಹಳೆಯ ಮಣ್ಣಿನ ಮಾಳಿಗೆ ಇದ್ದಾಗ ಪ್ರತಿ ಕೋಣೆಗೆ ಒಂದು ಬೆಳಕಿಂಡಿ ಇತ್ತು. ಹೊಗೆ ಅದರ ಬಾಯಿಗೆ ಸಾಲಾಗಿ ಇರುವೆ ಹೋದ ಹಾಗೆ ಹೋಗುತ್ತಿತ್ತು. ಗಂಗಾ ಹುಟ್ಟುವ ಹಿಂದಿನ ವರ್ಷ ಸ್ಲಾಬು ಬಂತು. ಓಣಿಗೆ ಮೊದಲ ಸ್ಲಾಬು ನಮ್ಮದೇ. ಹಮೀದಾಳದು ಇನ್ನೂ ಮಣ್ಣಿನ ಮಾಳಿಗೆ, ಬೆಳಕಿಂಡಿ ಹಾಗೆಯೇ ಇದೆ. ಅದೇ ಲೋಬಾನ, ಅವಳ ಮೊಮ್ಮಕ್ಕಳ ಎದೆಯಲ್ಲಿ ಪೀಪಿ ಇಲ್ಲ.

ಏನು ಬದಲಾಗಿದೆ ಎಂದು ಆ ಡಾಕ್ಟರ್ ಕೇಳಿದ್ದಳು. ಇದು.

ತಪ್ಪು ಮೇಸ್ತ್ರಿ ಅಂಬಾರಾಯನದು. ನಾಳೆ ಕರೆಸುತ್ತೇನೆ. ಕೂತಷ್ಟು ಹೊತ್ತೂ ನನಗೆ ಕೆಮ್ಮು. ಅದು ಬೇರೆ.

ಜನವರಿ ೮

ಅಂಬಾರಾಯ ಬಂದ. ಬೆಳಕಿಂಡಿ ಯಾಕೆ ಬಿಡಲಿಲ್ಲ, ಹೊಲದ ಕಡೆ ಕಿಟಕಿ ಯಾಕೆ ಇಡಲಿಲ್ಲ ಎಂದು ಜಬರಿಸಿದೆ.

"ನಾ ಅವತ್ತೇ ಕಿಡಕಿ ಅಂದಿದ್ನಲ್ರಿ ಅಮ್ಮಾರ. ನೀವೇ ಧೂಳು ಬರ್ತದ, ಕಳ್ಳ ಬರ್ತಾನ, ಬ್ಯಾಡ ಅಂದ್ರಿ."

"ಬಾಯಿ ಮುಚ್ಚಿ ಗ್ವಾಡಿ ಒಡಿ."

ಒಡೆಯುತ್ತಿದ್ದಾನೆ. ರಸ್ತೆಯ ಕಡೆ ಬೇಡ, ಹೊಲದ ಕಡೆ ದೊಡ್ಡ ಕಿಟಕಿಗಳು. ಮಲಗುವ ಕೋಣೆಯ ಸ್ಲಾಬಿಗೂ ಬೆಳಕಿಂಡಿ. ಮನೆ ತುಂಬ ಸಿಮೆಂಟಿನ ಪುಡಿ. ಮಗು ಇಲ್ಲಿ ಇಲ್ಲದ್ದೇ ಒಳ್ಳೆಯದಾಯಿತು ಎಂದು ಮೊದಲ ಸಲ ಅನ್ನಿಸಿತು.

ಜನವರಿ ೨೫

ಕಿಟಕಿ ಮುಗಿಯಿತು. ವಿಜಯಶ್ರೀಗೆ ಫೋನ್ ಮಾಡಿದೆ. ನಾನಾಗಿಯೇ.

"ಕಿಡಕಿ ಆತಂತ ಇವರು ಹೇಳಿದ್ರು. ಛಲೋ ಆತು ಅತ್ತಿ. ಹೊಗಿ?"

"ಈಗ ಹೋಗಾಕ ದಾರಿ ಅದಲ್ಲ. ಜರಾ ಜರಾ ಹಾಕ್ತೇನಿ."

"ಆತ್ರಿ. ಇಡ್ತೇನಿ."

ಇಟ್ಟುಬಿಟ್ಟಳು. ಇಷ್ಟು ಗೋಡೆ ಒಡೆಸಿದ್ದೇನೆ, ಇನ್ನೇನು ಬೇಕು ಇವಳಿಗೆ?

ಫೆಬ್ರುವರಿ ೨, ಭಾನುವಾರ

ಕರೆಯದೆ ಬೀಗರ ಮನೆಗೆ ಹೋಗುವವಳಲ್ಲ ನಾನು. ಇಂದು ಹೋದೆ. ಅಮರನಾಥನಿಗೂ ಹೇಳದೆ, ಸರ್ಕಾರಿ ಬಸ್ಸಿನಲ್ಲಿ. ಹಬ್ಬದ ಇಳಕಲ್ ಸೀರೆ ಉಟ್ಟು, ಚೀಲದಲ್ಲಿ ಗಂಗಾಳ ಚಪ್ಪಲಿ ಇಟ್ಟುಕೊಂಡು.

ಗಂಗಾ ಅಂಗಳದಲ್ಲಿ ಆಡುತ್ತಿದ್ದಳು. ನನ್ನನ್ನು ಕಂಡು "ಆಯೀ" ಎಂದು ಓಡಿಬಂದು ಸೊಂಟ ತಬ್ಬಿದಳು, ಸೆರಗಿನಲ್ಲಿ ಮುಖ ಇಟ್ಟಳು. ಇಟ್ಟವಳೇ ಕೆಮ್ಮಿದಳು. ಎರಡು ಹೆಜ್ಜೆ ಹಿಂದೆ ಸರಿದು, ಮೂಗಿಗೆ ಕೈ ಇಟ್ಟು, "ಆಯಿ, ನಿನ್ನ ಸೀರ್ಯಾಗ ಹೊಗಿ ಅದ" ಅಂದಳು.

ಆ ಮಾತಿನಲ್ಲಿ ದೂರು ಇರಲಿಲ್ಲ. ಮಳೆ ಬಂತು ಎಂದು ಹೇಳುವ ಹಾಗೆ ಹೇಳಿದಳು. ಆದರೆ ಮತ್ತೆ ಹತ್ತಿರ ಬರಲಿಲ್ಲ. ದೂರ ನಿಂತೇ ನನ್ನನ್ನು ನೋಡಿ ನಗುತ್ತಿದ್ದಳು, ಪಾಪ, ನನಗೆ ಬೇಸರವಾಗಬಾರದೆಂದು.

ಚಹಾ ಕುಡಿದೆ. ಚಪ್ಪಲಿ ಕೊಟ್ಟೆ. ಅವು ಅವಳಿಗೆ ಈಗಲೇ ಬಿಗಿಯಾಗಿವೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಬಂದೆ.

ಫೆಬ್ರುವರಿ ೩

ಸೀರೆಗಳನ್ನೆಲ್ಲ ತೊಳೆಸಿದೆ. ಹಾಸಿಗೆ, ಕೌದಿ, ಪರದೆ. ಎಲ್ಲ.

ಫೆಬ್ರುವರಿ ೪

ಸಂಜೆ ಧೂಪದ ಹೊತ್ತಿಗೆ ಕೈ ತಾನಾಗಿ ಬಟ್ಟಲಿಗೆ ಹೋಯಿತು. ಹಿಂದಕ್ಕೆ ತಂದೆ. ಮನೆ ಬರಿದಾದ ಹಾಗೆ ಅನ್ನಿಸಿತು. ಅಂಗಳಕ್ಕೆ ಬಂದು ಕೂತು, ಕೊರಳ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡಿಕೊಂಡೆ. ನೀರು, ವಿಭೂತಿ, ಒಂದು ಹೂವು. ನಾನು ಕೂತಲ್ಲೇ ದೇವರಿದ್ದಾನೆ. ಅವನೇನೂ ಕೆಂಡ ಕೇಳಲಿಲ್ಲ.

ಫೆಬ್ರುವರಿ ೧೦

ಆಳಂದಕ್ಕೆ ಸಂತೆಗೆ ಹೋದವಳು ಡಾಕ್ಟರ್ ನಿಶಾತಳ ಹತ್ತಿರ ಸುಮ್ಮನೆ ಹೋದೆ. ಗಂಗಾಳ ವಿಷಯ ಕೇಳಲು. ಅವಳು ನನ್ನನ್ನೇ ಕೂರಿಸಿ, ಪಕ್ಕದ ದೊಡ್ಡವರ ಡಾಕ್ಟರನ್ನು ಕರೆಸಿದಳು. ಕೊಳವೆಯೊಳಗೆ ಊದು ಎಂದರು. ಊದಿದೆ. ನನಗೂ ಒಂದು ಪಂಪು ಬರೆದರು. ನನ್ನ ಕೆಮ್ಮು ವಯಸ್ಸಿನದೇ. ಆದರೆ ಕಲಿತವರು ಬರೆದುಕೊಟ್ಟದ್ದನ್ನು ಮುರಿಯಬಾರದು.

ಫೆಬ್ರುವರಿ ೧೬

ವಿಜಯಶ್ರೀ ಬಂದಳು. ನೋಡಿಕೊಂಡು ಹೋಗುತ್ತೇನೆ ಎಂದು ಮೊದಲೇ ಹೇಳಿದ್ದಳು. ತುಂಬು ಬಸುರಿ, ಸೊಂಟಕ್ಕೆ ಕೈಕೊಟ್ಟುಕೊಂಡು ಕೋಣೆ ಕೋಣೆ ತಿರುಗಿ, ದಿಂಬು ಎತ್ತಿ ಮೂಸಿದಳು. ಪರದೆ ಮೂಸಿದಳು. ಹೊಸ ಸಾಹೇಬರು ಕಚೇರಿ ನೋಡುವ ಹಾಗೆ. ನಾನು ಅವಳ ಹಿಂದೆ ಹಿಂದೆ ನಡೆದೆ. ಕೊನೆಗೆ ನನ್ನ ಹತ್ತಿರ ಬಂದು, ನನ್ನ ಸೆರಗನ್ನೂ ಮೂಸಿದಳು!

"ಏನ್ ಬೇ, ಪಾಸೋ ಫೇಲೋ?" ಎಂದೆ.

ಅವಳ ಕಣ್ಣು ತುಂಬಿತು. "ಅತ್ತಿ, ಗಂಗಾ ಕಾರಿನಾಗ ಕೂತಾಳ" ಅಂದಳು. "ನೀವು ಕರದ್ರ ಇಳೀತಾಳಂತ."

ಕರೆದೆ.

ಫೆಬ್ರುವರಿ ೧೯

ವಿಜಯಶ್ರೀ ಮತ್ತೆ ತವರಿಗೆ ಹೋಗಲಿಲ್ಲ, ಆಳಂದದಲ್ಲೇ ಹೆರಿಗೆ. ಗಂಡು. ಇಬ್ಬರೂ ಕ್ಷೇಮ. ಬರೆಯಲು ಪುರಸತ್ತಿಲ್ಲ.

ಮಾರ್ಚ್ ೨, ಭಾನುವಾರ

ಇಂದು ಕೂಸಿಗೆ ನೀರು. ಓಣಿಯ ಹೆಂಗಸರೆಲ್ಲ ಬಂದಿದ್ದರು. ಕಾಲು ಚಾಚಿ ಕೂತು, ಮೊಣಕಾಲ ಮೇಲೆ ಮಲಗಿಸಿಕೊಂಡು ಎರೆದೆ. ಕೈ ಇನ್ನೂ ಮರೆತಿಲ್ಲ. ಒರೆಸಿ ಸುತ್ತಿದ ಮೇಲೆ ಎಲ್ಲರೂ ಕಾಯುತ್ತ ಕೂತರು. ಹಮೀದಾ ಪದ್ಧತಿಯಂತೆ ಲೋಬಾನದ ಪೊಟ್ಟಣ ತಂದು ಮುಂದೆ ಇಟ್ಟಳು.

"ಸುಂದರಬಾಯಿ, ಕೆಂಡ ಎಲ್ಲಿ?" ಎಂದು ಒಬ್ಬಳು ಕೇಳಿದಳು.

"ಕೆಂಡ ಇಲ್ಲ. ಈ ಮನ್ಯಾಗ ಇನ್ನ ಹೊಗಿ ಇಲ್ಲ."

ಎಲ್ಲರೂ ಒಟ್ಟಿಗೆ ಕೇಳಿದರು. ಕೂಸಿಗೆ ಶೀತವಾದರೆ? ದೃಷ್ಟಿಯಾದರೆ? ನಮ್ಮ ಮಕ್ಕಳಿಗೆಲ್ಲ ನೀವೇ ಅಲ್ಲವೇ ಕೊಟ್ಟದ್ದು?

"ಕೊಟ್ಟೇನಿ. ಅವತ್ತ ಗೊತ್ತಿದ್ದದ್ದು ಅಷ್ಟು, ಕೊಟ್ಟೆ. ಇವತ್ತ ಇಷ್ಟು ಗೊತ್ತಾಗ್ಯಾದ, ಕೊಡಂಗಿಲ್ಲ" ಎಂದೆ. ಕೂಸನ್ನು ಎತ್ತಿಕೊಂಡು ಹೊಸ ಕಿಟಕಿಯ ಬಿಸಿಲಿಗೆ ಹಿಡಿದೆ. ಅದು ಮುಖ ಕಿವುಚಿ, ಆಕಳಿಸಿ, ಮಲಗಿತು.

ಹಮೀದಾ ಪೊಟ್ಟಣ ಕೈಯಲ್ಲಿ ಹಿಡಿದು, "ಹಂಗಾದ್ರ ಇದನ್ನ ನಾ ಏನ್ ಮಾಡ್ಲಿ ಬೇ? ಬೆಕ್ಕಿಗೆ ಹಾಕ್ಲಾ?" ಅಂದಳು. ಎಲ್ಲರೂ ನಕ್ಕರು, ಗಂಟು ಸಡಿಲವಾಯಿತು.

ಅಷ್ಟರಲ್ಲಿ ಗಂಗಾ ಎರಡು ಪಂಪು ಹಿಡಿದು ಒಳಗಿನಿಂದ ಬಂದಳು, ಅವಳದೊಂದು, ನನ್ನದೊಂದು. "ಆಯಿ, ಹೊತ್ತಾತು. ಬಾಯಿ ಗಟ್ಟಿ ಮುಚ್ಚಬೇಕು, ನಿನ್ನೆ ಮಾಡಿದಂಗ ಮಾಡಬ್ಯಾಡ." ಅಷ್ಟು ಹೆಂಗಸರ ಮುಂದೆ! ನಾನು ಕೂಸನ್ನು ಅದರ ತಾಯಿಗೆ ಕೊಟ್ಟು, ಬೆನ್ನು ನೆಟ್ಟಗೆ ಮಾಡಿ ಕೂತು ತೆಗೆದುಕೊಂಡೆ. ನೋಡುವವರು ನೋಡಲಿ. ಗಂಗಾಳ ಎದೆಯಲ್ಲಿ ಪೀಪಿ ಪೂರ್ತಿ ಹೋಗಿಲ್ಲ. ಕಡಲೆ ರಾಶಿಯ ದಿನ ಗಾಳಿ ಈ ಕಡೆ ಬೀಸಿದಾಗ ಬಂತು. ಆದರೆ ಶಾಲೆಗೆ ಓಡುತ್ತ ಹೋಗುತ್ತಾಳೆ, ಇಲ್ಲಿಯ ಶಾಲೆಗೆ.

ಎಲ್ಲರೂ ಹೋದ ಮೇಲೆ ಧೂಪದ ಹಿತ್ತಾಳೆಯ ಬಟ್ಟಲನ್ನು ಬೂದಿ ಹಚ್ಚಿ ಬೆಳಗಿ, ಮಾಳಿಗೆಯ ಮೇಲಿನ ಕೋಣೆಯಲ್ಲಿ ನಾನೇ ಇಟ್ಟು ಬಂದೆ. ಮೆಟ್ಟಿಲು ಹತ್ತುವಾಗ ಎಲ್ಲಿಯೂ ಕೂರಲಿಲ್ಲ, ಕೆಲಸದ ಅವಸರ.

ಸಂಜೆ ಕೆಳಗಿನ ಓಣಿಯಿಂದ ಹೇಳಿಕಳಿಸಿದ್ದರು. ನಾಳೆ ಅವರ ಕೂಸಿಗೆ ಮೊದಲ ನೀರು, ನಾನೇ ಬರಬೇಕಂತೆ. ಬರುತ್ತೇನೆ, ಕೆಂಡ ಮಾಡಬೇಡಿ, ಕಿಟಕಿ ತೆಗೆದಿಡಿ ಎಂದು ಆಗಲೇ ಹೇಳಿ ಕಳಿಸಿದೆ.